ಲಿಂಗದ ಮೇಲೆ ಮುಚ್ಚಿದ ಬೆರಳು

ನನ್ನ ಲಿಂಗಪೂಜೆಗೆ ನಮ್ಮ ಅತ್ತೆ ಒಂದು ಹೆಸರಿಟ್ಟಿದ್ದರು: ಶಟರ್ ಪೂಜೆ. ಹೊಳಲ್ಕೆರೆಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮದೊಂದು ಮ್ಯಾಚಿಂಗ್ ಸೆಂಟರ್ ಇದೆ. ಬ್ಲೌಸ್ ಪೀಸು, ಫಾಲ್ಸು, ಲೈನಿಂಗು, ದಾರ, ಹುಕ್ಕು, ಅಷ್ಟೇ ವ್ಯಾಪಾರ. ಬೆಳಿಗ್ಗೆ ಅಂಗಡಿ ತೆಗೆಯುವವಳು ನಾನು, ಮಧ್ಯಾಹ್ನದ ಮೇಲೆ ನಮ್ಮ ಯಜಮಾನರು. ಹಾಗಾಗಿ ಸ್ನಾನ ಮಾಡಿ ಬಂದವಳೇ ಲಿಂಗವನ್ನು ಅಂಗೈಗೆ ತಗೊಂಡು, ನೀರು ಹಾಕಿ, ವಿಭೂತಿ ಹಚ್ಚಿ, ಒಂದು ಬಿಲ್ವಪತ್ರೆ ಏರಿಸಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಪೂಜೆ ಮುಗಿಸಿ ಎದ್ದುಬಿಡುತ್ತಿದ್ದೆ. ಅತ್ತೆ ಪಕ್ಕದ ಮಣೆಯಲ್ಲಿ ಆಗಷ್ಟೇ ಕಣ್ಣು ಮುಚ್ಚಿರುತ್ತಿದ್ದರು. ಅವರದ್ದು ಒಂದು ಗಂಟೆಯ ಪೂಜೆ.

"ಶಟರ್ ಎತ್ತಿದಂಗೆ ಮಾಡ್ತಾಳೆ ನೋಡ್ರಿ. ಕರಕರ ಅಂತ ಎತ್ತೋದು, ಒಳಗೋಗೋದು" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಮದುವೆಯಾಗಿ ಮಾಡದಕೆರೆಯಿಂದ ಈ ಮನೆಗೆ ಬಂದು ಇಷ್ಟು ವರ್ಷವಾದರೂ ಆ ಮಾತು ಕೇಳಿದಾಗಲೆಲ್ಲ ನನಗೆ ಸರಕ್ಕನೆ ಸಿಟ್ಟು ಬರುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ. ಅಡುಗೆ ಚೆನ್ನಾಗಿದೆ ಎನ್ನುತ್ತಿದ್ದರು, ವ್ಯಾಪಾರ ಚೆನ್ನಾಗಿ ಮಾಡುತ್ತಾಳೆ ಎನ್ನುತ್ತಿದ್ದರು, ಮಕ್ಕಳನ್ನು ಚೆನ್ನಾಗಿ ಬೆಳೆಸಿದಳು ಎಂದೂ ಹೇಳಿದ್ದುಂಟು. ಅವರಿಗೆ ಮುಖ್ಯವಾದ ಒಂದು ವಿಷಯದಲ್ಲಿ ಮಾತ್ರ ನಾನು ಫೇಲು. ಭರಮಸಾಗರದ ಕೆರೆ ಏರಿಯ ಪಕ್ಕದ ಮನೆಯಲ್ಲಿ ಹುಟ್ಟಿ, ಹುಡುಗಿಯಾಗಿದ್ದಾಗಿನಿಂದ ಒಂದು ದಿನವೂ ತಪ್ಪದೆ ಪೂಜೆ ಮಾಡಿದವರು ಅವರು. ಲಿಂಗಕ್ಕೆ ನೀರು ಬೀಳುವ ತನಕ ಬಾಯಿಗೆ ನೀರು ಬೀಳಬಾರದು ಎನ್ನುವುದು ನಮ್ಮ ಮನೆಯಲ್ಲಿ ಕಾನೂನು. ಜ್ವರ ಬಂದರೂ ಅಷ್ಟೆ. ಕಾಫಿ ವಾಸನೆ ಕುಡಿದುಕೊಂಡೇ ಒಂಬತ್ತೂವರೆ ತನಕ ಕಸ, ನೀರು, ತಿಂಡಿ, ಯಜಮಾನರ ಸ್ನಾನದ ಬಿಸಿನೀರು ಎಲ್ಲ ಮುಗಿಸಿ ನಾವಿಬ್ಬರೂ ಪೂಜೆಗೆ ಕೂರುತ್ತಿದ್ದೆವು.

ಎರಡು ವರ್ಷದ ಹಿಂದೆ ನನ್ನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಮೊದಲು ಯಜಮಾನರು "ಜಾಸ್ತಿ ಮಾತಾಡಿ ಮಾತಾಡಿ ಮಾತೆಲ್ಲ ಅಲ್ಲೇ ಗಡ್ಡೆ ಕಟ್ಟೈತೆ" ಎಂದು ತಮಾಷೆ ಮಾಡಿದರು. ಆಮೇಲೆ ಅವರೇ ಹೆದರಿ ದಾವಣಗೆರೆಗೆ ಕರೆದುಕೊಂಡು ಹೋದರು. ಅಲ್ಲಿ ಪರೀಕ್ಷೆ ಮಾಡಿ, ಕೆಟ್ಟದ್ದೇನಲ್ಲ, ಆದರೆ ಥೈರಾಯ್ಡ್ ಗ್ರಂಥಿ ಪೂರ್ತಿ ತೆಗೆಯಬೇಕು ಎಂದರು. ಆಪರೇಷನ್ ಮಾಡುವ ಡಾಕ್ಟರು ಚೆನ್ನಾಗಿಯೇ ಬಿಡಿಸಿ ಹೇಳಿದರು. ಆ ಗ್ರಂಥಿಯ ಬೆನ್ನಿಗೆ ಬೇಳೆಕಾಳಿನಷ್ಟು ದೊಡ್ಡ ನಾಲ್ಕು ಸಣ್ಣ ಗ್ರಂಥಿಗಳು ಅಂಟಿಕೊಂಡಿರುತ್ತವಂತೆ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕು ಎಂದು ನೋಡಿಕೊಳ್ಳುವುದು ಅವುಗಳ ಕೆಲಸವಂತೆ. ಆಪರೇಷನ್ ಆದಮೇಲೆ ಅವು ಸ್ವಲ್ಪ ಕಾಲ ಮುನಿಸಿಕೊಂಡು ಕೆಲಸ ನಿಲ್ಲಿಸಬಹುದು, ಅದಕ್ಕೇ ಮಾತ್ರೆ ಕೊಡುತ್ತೇವೆ, ತಪ್ಪಿಸಬೇಡಿ ಎಂದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ. ಅದೂ ಕ್ಯಾಲ್ಸಿಯಂ ಮಾತ್ರೆಯೂ ಒಟ್ಟಿಗೆ ಹೋದರೆ ಒಂದಕ್ಕೊಂದು ಅಡ್ಡ ಬರುತ್ತವೆ, ಅದಕ್ಕೆ ನಾಲ್ಕು ಗಂಟೆ ಬಿಟ್ಟು ಊಟದ ಜೊತೆ ಕ್ಯಾಲ್ಸಿಯಂ ಮಾತ್ರೆ, ರಾತ್ರಿ ಊಟಕ್ಕೆ ಇನ್ನೊಂದು.

ನಾನು ಎಲ್ಲದಕ್ಕೂ ತಲೆಯಾಡಿಸಿದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಎಂದರೆ ಎಷ್ಟು ಹೊತ್ತಿಗೆ ಎಂದು ಅವರು ಕೇಳಲಿಲ್ಲ, ನನಗೂ ಹೇಳಬೇಕು ಅನ್ನಿಸಲಿಲ್ಲ.

ಆಪರೇಷನ್ ಸುಸೂತ್ರವಾಗಿ ಆಯಿತು. ಮನೆಗೆ ಬಂದ ದಿನ ಅತ್ತೆ ಬಾಗಿಲಲ್ಲೇ ನಿಂತು ನನ್ನ ಕುತ್ತಿಗೆಯ ಪಟ್ಟಿ ನೋಡಿ ಕಣ್ಣೊರೆಸಿಕೊಂಡರು. ಒಳಗೆ ಕೂರಿಸಿದ ಮೇಲೆ ವಿಷಯ ತೆಗೆದರು.

"ನೀನು ಆಪರೇಷನ್ ರೂಮಿನಾಗೆ ಇದ್ದಾಗ ನಾನು ಹೇಳ್ಕಂಡೀನಿ ಕಣವ್ವ. ಇವಳು ನೆಟ್ಟಗೆ ಮನಿಗೆ ಬಂದ್ರೆ ಈ ಶ್ರಾವಣ ಪೂರ್ತಿ ನನ್ನ ಪಕ್ಕ ಕುಂತು ಒಂದು ಗಂಟೆ ಪೂಜೆ ಮಾಡ್ತಾಳೆ ಅಂತ. ಸೋಮವಾರ ಒಪ್ಪತ್ತು."

ಹರಕೆ ಹೊತ್ತವರು ಅವರು, ತೀರಿಸಬೇಕಾದವಳು ನಾನು. ಯಜಮಾನರು ಬಾಗಿಲ ಹಿಂದೆ ನಿಂತು ನಗುತ್ತಿದ್ದರು. ಆದರೆ ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಯಿತು. ನನಗಾಗಿ ಅವರು ಬೇಡಿಕೊಂಡರಲ್ಲ ಎಂದು ಖುಷಿ. ಆಗಲಿ ಅತ್ತೆ ಎಂದೆ.

ಶ್ರಾವಣದ ಮೊದಲ ದಿನವೇ ಪಾಠ ಶುರುವಾಯಿತು. ಬೆನ್ನು ನೆಟ್ಟಗೆ ಇಟ್ಟುಕೊ, ಎಡಗೈ ಎದೆಯ ಮಟ್ಟಕ್ಕೆ ಹಿಡಿ, ಲಿಂಗದ ಮೇಲಿಂದ ಕಣ್ಣು ಕದಲಿಸಬೇಡ, ಹೊಟ್ಟೆ ತುಂಬ ಉಸಿರು ಎಳಕೋ, ಪೂರ್ತಿ ಬಿಡು, ಮತ್ತೆ ಎಳಕೋ. ನಾನು ಯಾವ ಕೆಲಸ ಹಿಡಿದರೂ ಅದನ್ನು ಮೈಮೇಲೆ ಬಂದವಳಂತೆ ಮಾಡುವವಳು. ಉಸಿರನ್ನೂ ಹಾಗೇ ಎಳೆದೆ. ಕಮ್ಮಾರನ ತಿದಿ ಒತ್ತಿದ ಹಾಗೆ ಸದ್ದು ಬರುತ್ತಿತ್ತು.

ಒಂದೆರಡು ದಿನ ಏನೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಮಂತ್ರ ಹೇಳುತ್ತಾ ಕೂತಿದ್ದಾಗ ತುಟಿಯ ಸುತ್ತ ಜುಮುಜುಮು ಅನ್ನತೊಡಗಿತು. ಸಣ್ಣ ಇರುವೆ ಹರಿದಾಡಿದ ಹಾಗೆ. ಬೆರಳ ತುದಿಗಳಲ್ಲೂ ಅದೇ. ಪೂಜೆ ಮುಗಿದ ಮೇಲೆ ಅತ್ತೆಗೆ ಹೇಳಿದೆ. ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು.

"ಮಂತ್ರ ನಾಲಿಗೆ ಮ್ಯಾಲೆ ಕುಂತೈತೆ" ಎಂದರು.

ಎದ್ದು ತಿಂಡಿ ತಿಂದು, ಮೊಸರು ಕುಡಿದು, ಅಂಗಡಿಗೆ ಹೋಗಿ ಒಂದಿಷ್ಟು ಹೊತ್ತಿಗೆ ಜುಮುಜುಮು ಕಡಿಮೆಯಾಯಿತು. ಮರುದಿನ ಪೂಜೆಯ ಹೊತ್ತಿಗೆ ಸರಿಯಾಗಿ ಮತ್ತೆ ಬಂತು. ಅದರ ಮರುದಿನವೂ ಬಂತು. ಬೇರೆ ಹೊತ್ತಿನಲ್ಲಿ ಬಂದಿದ್ದರೆ ಕಾಯಿಲೆ ಎಂದು ಯಾರಾದರೂ ಹೇಳುತ್ತಿದ್ದರು. ಅದು ಬರುತ್ತಿದ್ದುದೇ ಲಿಂಗ ಅಂಗೈಯಲ್ಲಿದ್ದಾಗ.

ಎರಡನೇ ವಾರದಲ್ಲಿ ಬೆರಳು ಮುಚ್ಚಿದವು. ನಾನು ಮುಚ್ಚಲಿಲ್ಲ, ಅವೇ ಮುಚ್ಚಿಕೊಂಡವು. ಮೊದಲು ಹೆಬ್ಬೆರಳು ಒಳಗೆ ಬಂತು, ಆಮೇಲೆ ನಾಲ್ಕೂ ಬೆರಳು ನೆಟ್ಟಗೆ ಸೆಟೆದುಕೊಂಡು ಒಂದರ ಪಕ್ಕ ಒಂದು ಕೂಡಿಕೊಂಡು ಅದರ ಮೇಲೆ ಬಾಗಿದವು, ಮಣಿಕಟ್ಟು ಮುಂದಕ್ಕೆ ಮಡಿಸಿಕೊಂಡಿತು. ಮೊಗ್ಗಿನ ಹಾಗೆ ಕೂಡಿದ ಕೈ. ಒಳಗೆ ಲಿಂಗ. ತೆರೆಯಲು ನೋಡಿದರೆ ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ. ನೋವು ಎಂದರೆ ನೋವು, ಮೊಣಕೈ ತನಕ. ಕೈಯಿಂದ ಲಿಂಗ ಬಿದ್ದರೆ ಏನು ಗತಿ ಎನ್ನುವ ಭಯ ಆ ನೋವಿಗಿಂತ ದೊಡ್ಡದು. ಬಲಗೈಯನ್ನು ಕೆಳಗೆ ಆಸರೆ ಕೊಟ್ಟು, ಹಲ್ಲು ಕಚ್ಚಿಕೊಂಡು ಹಾಗೇ ಕೂತೆ.

ಕಣ್ಣು ತಿರುಗಿಸಿದರೆ ಅತ್ತೆ ತಮ್ಮ ಪೂಜೆ ನಿಲ್ಲಿಸಿ ನನ್ನ ಕೈಯನ್ನೇ ನೋಡುತ್ತಿದ್ದಾರೆ. ಅವರ ಕಣ್ಣಲ್ಲಿ ನೀರು.

"ಶಿವ ಕೈ ಹಿಡಿದಾನೆ ಕಣವ್ವ ನಿಂದು" ಎಂದರು. "ಇಷ್ಟು ವರ್ಷ ಮಾಡೀನಿ, ನನಗಾಗಿಲ್ಲ."

ಆ ಮಾತು ಕೇಳಿ ನಾನು ಆ ನೋವಿನಲ್ಲೂ ಉಬ್ಬಿಹೋದೆ. ಇಷ್ಟು ವರ್ಷ ಶಟರ್ ಪೂಜೆ, ಶಟರ್ ಪೂಜೆ ಎಂದು ಕೇಳಿದ ಕಿವಿಗೆ ಅದು ಎಂಥ ಮಾತು! ಕೈ ನಿಧಾನವಾಗಿ ಸಡಿಲವಾದ ಮೇಲೆ ಅತ್ತೆ ತಾವೇ ನನ್ನ ಲಿಂಗವನ್ನು ಒರೆಸಿ ಕರಡಿಗೆಯಲ್ಲಿಟ್ಟು ನನ್ನ ಕೊರಳಿಗೆ ಹಾಕಿದರು. ಅವತ್ತು ಊಟಕ್ಕೆ ಕೂತಾಗ ನನ್ನ ಮುದ್ದೆಗೆ ತಾವೇ ತುಪ್ಪ ಬಡಿಸಿದರು. ಸೊಸೆ ಎಂದಲ್ಲ, ಯಾರೋ ದೊಡ್ಡವರು ಮನೆಗೆ ಬಂದಿದ್ದಾರೆ ಎನ್ನುವ ಹಾಗೆ.

ಇಂಥ ಸುದ್ದಿ ಮನೆಯೊಳಗೆ ನಿಲ್ಲುತ್ತದೆಯೇ? ಎದುರುಮನೆಯಾಕೆ ಬಂದು ಹಣೆಗೆ ವಿಭೂತಿ ಹಚ್ಚಿ ಎಂದಳು. ಅಂಗಡಿಗೆ ಬಂದವರು ಮದುಮಗಳ ಬ್ಲೌಸ್ ಪೀಸನ್ನು "ನಿಮ್ಮ ಕೈಯಾರೆ ಕತ್ತರಿಸಿ ಕೊಡ್ರಿ" ಎನ್ನತೊಡಗಿದರು. ಕತ್ತರಿಸಲು ಹೋದರೆ ಕತ್ತರಿ ಹಿಡಿದ ಕೈ ಹಾಗೇ ಸೆಟೆದುಕೊಂಡು ಬಿಡುತ್ತಿತ್ತು. ಬೆರಳು ಬಿಡಿಸಲು ಇನ್ನೊಂದು ಕೈ ಬೇಕಾಗುತ್ತಿತ್ತು. ಕೌಂಟರ್ ಕೆಳಗೆ ಕೈ ಇಳಿಸಿ ತಿಕ್ಕಿಕೊಂಡು, ಏನೂ ಆಗದವಳ ಹಾಗೆ "ಇದಕ್ಕೆ ಲೈನಿಂಗ್ ಯಾವ ಬಣ್ಣ ಕೊಡ್ಲಿ" ಎಂದು ಕೇಳುತ್ತಿದ್ದೆ. ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಸುಮ್ಮನೆ ಕೂತಲ್ಲೇ ಎದೆ ಡವಗುಟ್ಟುತ್ತಿತ್ತು, ಸಣ್ಣ ಸಣ್ಣದಕ್ಕೆಲ್ಲ ರೇಗುತ್ತಿದ್ದೆ. ರೇಗುವುದು ನನ್ನ ಸ್ವಭಾವವೇ ಆಗಿದ್ದರಿಂದ ಅದನ್ನು ಯಾರೂ ಗಮನಿಸಲಿಲ್ಲ. ಇದು ಬರೀ ಪೂಜೆಯ ವಿಷಯವಲ್ಲ ಎಂದು ನನ್ನ ಒಳಮನಸ್ಸಿಗೆ ಗುಮಾನಿ ಬಂದಿತ್ತು. ಆದರೆ ಯಾರಿಗೆ ಹೇಳಲಿ? ಹೇಳಿದರೆ ಡಾಕ್ಟರು, ಡಾಕ್ಟರೆಂದರೆ ಕಾಯಿಲೆ, ಕಾಯಿಲೆ ಎಂದಾದರೆ ನಾನು ಮತ್ತೆ ಶಟರ್ ಪೂಜೆಯವಳು. ಅತ್ತೆ ನನ್ನನ್ನು ಆ ಕಣ್ಣಲ್ಲಿ ನೋಡುವುದು ನಿಂತುಹೋಗುತ್ತದೆ. ನನಗೆ ಅದು ಬೇಡವಾಗಿತ್ತು.

ಈ ನಡುವೆ ಮಾತ್ರೆಗಳ ಕಥೆ ಹೇಗಿತ್ತೆಂದರೆ, ಒಂದು ಗಂಟೆಯ ಪೂಜೆ ಮುಗಿಯುವಷ್ಟರಲ್ಲಿ ಹತ್ತೂವರೆ. ಆಗ ಥೈರಾಯ್ಡ್ ಮಾತ್ರೆ. ಆಮೇಲೆ ತಿಂಡಿ. ನಾಲ್ಕು ಗಂಟೆ ಬಿಡಬೇಕಲ್ಲ, ಅಂಗಡಿ ಬಿಟ್ಟು ಮನೆಗೆ ಬಂದು ಕ್ಯಾಲ್ಸಿಯಂ ಮಾತ್ರೆ ನುಂಗುವಾಗ ಮೂರು ಗಂಟೆ. ಸೋಮವಾರ ಒಪ್ಪತ್ತೆಂದು ಮಧ್ಯಾಹ್ನದ ಊಟವಿಲ್ಲ, ಊಟದ ಜೊತೆ ತಗೋಬೇಕಾದ ಮಾತ್ರೆಯೂ ಇಲ್ಲ. ನನ್ನ ಲೆಕ್ಕದಲ್ಲಿ ನಾನು ಡಾಕ್ಟರು ಹೇಳಿದ್ದನ್ನು ಅಕ್ಷರಶಃ ಪಾಲಿಸುತ್ತಿದ್ದೆ. ಬೆಳಿಗ್ಗೆ ಖಾಲಿ ಹೊಟ್ಟೆ ಎಂದಿದ್ದರು, ನನ್ನಷ್ಟು ಖಾಲಿ ಹೊಟ್ಟೆ ಯಾರಿಗಿತ್ತು!

ಕಡೆಯ ಶ್ರಾವಣ ಸೋಮವಾರ. ನಮ್ಮ ಯಜಮಾನರಿಗೆ ಬಿಪಿ ಇದೆ. ಮೆಡಿಕಲ್ ಶಾಪಿನಿಂದ ತಂದ ಒಂದು ಬ್ಯಾಟರಿ ಮಿಷನ್ ಮನೆಯಲ್ಲಿದೆ. ಸೋಮವಾರ ಬೆಳಿಗ್ಗೆ ತೋಳಿಗೆ ಪಟ್ಟಿ ಸುತ್ತಿಕೊಂಡು ನೋಡಿಕೊಳ್ಳುವುದು ಅವರ ರೂಢಿ. ಅವತ್ತು ನೋಡಿಕೊಂಡು ಮುಗಿಸಿ, ನಾನು ಗೋಡೆಗೆ ಒರಗಿ ಸುಸ್ತಾಗಿ ಕೂತಿದ್ದನ್ನು ಕಂಡು ಹತ್ತಿರ ಬಂದರು.

"ಬರ್ರಿ ಶರಣಮ್ಮನವರೇ, ನಿಮ್ಮದೂ ಒಂದು ಕೈ ನೋಡಾಣ" ಎಂದು ನನ್ನ ತೋಳಿಗೆ ಪಟ್ಟಿ ಸುತ್ತಿದರು.

ಅತ್ತೆ ಎದುರಿಗೇ ಕೂತು ಪೂಜೆಗೆ ಬಿಲ್ವಪತ್ರೆ ಆರಿಸುತ್ತಿದ್ದರು. ಪೂಜೆಗೆ ಇನ್ನೂ ಹೊತ್ತಿತ್ತು. ಮಿಷನ್ ಗಾಳಿ ತುಂಬಿಕೊಂಡು ತೋಳು ಬಿಗಿ ಹಿಡಿಯಿತು. ಏನೋ ತಪ್ಪು ತೋರಿಸಿ, ಗಾಳಿ ಬಿಡುವ ಮೊದಲೇ ತಾನೇ ಮತ್ತೆ ಜೋರಾಗಿ ತುಂಬಿಕೊಂಡಿತು. ಹೆಬ್ಬೆರಳು ಒಳಗೆ ಬಂತು. ನಾಲ್ಕು ಬೆರಳು ಸೆಟೆದು ಕೂಡಿಕೊಂಡವು. ಮಣಿಕಟ್ಟು ಬಾಗಿತು. ಅದೇ ಮೊಗ್ಗು. ಒಂದು ವ್ಯತ್ಯಾಸವೆಂದರೆ ಒಳಗೆ ಲಿಂಗ ಇರಲಿಲ್ಲ.

ಯಜಮಾನರಿಗೆ ಮೊದಲು ನಗು ಬಂತು. "ಅವ್ವ, ನೋಡಿಲ್ಲಿ, ಬಿಪಿ ಮಿಷನ್ನಾಗೂ ಶಿವ ಬಂದ" ಎಂದರು. ಹೇಳಿದ ಮೇಲೆ ನನ್ನ ಮುಖ ನೋಡಿ ಅವರ ನಗು ಅಲ್ಲೇ ನಿಂತಿತು. ಪಟಪಟನೆ ಪಟ್ಟಿ ಬಿಚ್ಚಿದರು.

ನಾನು ಅತ್ತೆಯನ್ನು ನೋಡುತ್ತಿದ್ದೆ. ಅತ್ತೆ ನನ್ನ ಕೈಯನ್ನು ನೋಡುತ್ತಿದ್ದರು. ಮಡಿಲಲ್ಲಿದ್ದ ಪತ್ರೆಯನ್ನು ಬುಟ್ಟಿಗೆ ಹಾಕಿ, ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಹತ್ತಿರ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಕಟ್ಟಿಗೆಯಂತಾಗಿದ್ದವು.

"ನೋವೈತೇನೇ?" ಎಂದರು.

"ಐತೆ ಅತ್ತೆ."

"ಪೂಜೆಗೆ ಕುಂತಾಗಲೂ ನೋಯ್ತಿತ್ತಾ?"

ನಾನು ತಲೆ ತಗ್ಗಿಸಿದೆ. ಅವರು ಮಗನ ಕಡೆ ತಿರುಗಿದರು. "ಯಾಕ್ಲೇ ನಿಂತಿದ್ದೀಯ? ಕಾರು ತೆಗಿ."

"ಅತ್ತೆ, ಪೂಜೆ ಮುಗಿಸ್ಕಂಡು ಹೋಗಾಣ" ಎಂದೆ. ಕಡೆಯ ಸೋಮವಾರ, ಹರಕೆ ಅರ್ಧಕ್ಕೆ ನಿಲ್ಲುತ್ತದೆ ಎನ್ನುವುದು ಒಂದು. ಇನ್ನೊಂದು ಸಲ, ಒಂದೇ ಒಂದು ಸಲ, ಅವರ ಪಕ್ಕ ಆ ಮರ್ಯಾದೆಯಲ್ಲಿ ಕೂರಬೇಕು ಎನ್ನುವುದು ಇನ್ನೊಂದು.

"ಪೂಜೆ ಎಲ್ಲಿಗೂ ಹೋಗಲ್ಲ, ನಡಿ" ಎಂದು ಅವರೇ ನನ್ನ ಚಪ್ಪಲಿ ತಂದು ಮುಂದಿಟ್ಟರು.

ದಾವಣಗೆರೆಗಿಂತ ಚಿತ್ರದುರ್ಗ ಹತ್ತಿರ ಎಂದು ಅಲ್ಲಿಗೇ ಹೊರಟೆವು. ದಾರಿಯುದ್ದಕ್ಕೂ ಗುಡ್ಡದ ಮೇಲಿನ ಗಾಳಿಯಂತ್ರಗಳು ಆರಾಮವಾಗಿ ತಿರುಗುತ್ತಿದ್ದವು, ನನ್ನ ಕೈಕಾಲು ಮಾತ್ರ ಸೆಟೆದುಕೊಂಡು ಕೂತಿದ್ದವು. ಹೆದರಿಕೆಗೆ ನಾನು ಉಸಿರು ಜೋರಾಗಿ ಎಳೆದ ಹಾಗೆಲ್ಲ ಇನ್ನಷ್ಟು ಬಿಗಿಯುತ್ತಿದ್ದವು. ಹಿಂದಿನ ಸೀಟಿನಲ್ಲಿ ಅತ್ತೆ ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿಟ್ಟುಕೊಂಡು ಬಂದರು. ಒಂದು ತೊಟ್ಟು ನೀರು ಕುಡಿದಿರಲಿಲ್ಲ ಅವರು. ಪೂಜೆಯಾಗದೆ ಆ ಹೆಂಗಸು ಮನೆಯ ಹೊಸಿಲು ದಾಟಿದ್ದು ನಾನು ನೋಡಿದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ನಮಗಿಂತ ಚಿಕ್ಕ ವಯಸ್ಸಿನ ಒಬ್ಬ ಡಾಕ್ಟರಮ್ಮ ಇದ್ದರು. ನನ್ನ ಕುತ್ತಿಗೆಯ ಗಾಯದ ಗೆರೆ ನೋಡಿದರು, ಕೈ ನೋಡಿದರು. ಕಿವಿಯ ಮುಂದೆ ಕೆನ್ನೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದರು. ನನ್ನ ತುಟಿಯ ತುದಿ ತನ್ನಷ್ಟಕ್ಕೆ ತಾನು ಸೆಳೆಯಿತು. "ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ತುಂಬಾ ಇಳಿದಿದೆ" ಎಂದು ರಕ್ತ ತೆಗೆಯಲು ಹೇಳಿ, ಎದೆಗೆ ತಂತಿ ಅಂಟಿಸಿ, ರಕ್ತನಾಳದ ಮೂಲಕ ನಿಧಾನವಾಗಿ ಔಷಧಿ ಬಿಡಲು ಶುರು ಮಾಡಿದರು. ಮೈಯೆಲ್ಲ ಬೆಚ್ಚಗಾಯಿತು, ಚಳಿಗಾಲದ ಬೆಳಿಗ್ಗೆ ಬಚ್ಚಲ ಒಲೆಯ ಮುಂದೆ ಕೂತ ಹಾಗೆ. ಎಷ್ಟೋ ಹೊತ್ತಿನ ಮೇಲೆ ಹೆಬ್ಬೆರಳು ತಾನೇ ಹೊರಗೆ ಬಂತು. ಆಮೇಲೆ ಒಂದೊಂದೇ ಬೆರಳು. ನನ್ನ ಕೈ ನನಗೆ ವಾಪಸ್ಸು ಸಿಕ್ಕಿತು. ಅಳು ಬಂತು, ಅತ್ತೂಬಿಟ್ಟೆ.

ಡಾಕ್ಟರಮ್ಮ ಮಂಚದ ಅಂಚಿನಲ್ಲಿ ಕೂತು ಮಾತ್ರೆ ಯಾವ ಯಾವ ಹೊತ್ತಿಗೆ ತಗೋತೀರ ಎಂದು ಕೇಳಿದರು. ಹೇಳಿದೆ. ರಾತ್ರಿ ಊಟದ ಮಾತ್ರೆಯಾದ ಮೇಲೆ ಮಧ್ಯಾಹ್ನ ಮೂರರ ತನಕ ಮತ್ತೆ ಇಲ್ಲವಾ, ಸೋಮವಾರ ಅದೂ ಇಲ್ಲವಾ ಎಂದು ಮತ್ತೆ ಮತ್ತೆ ಕೇಳಿ ಖಚಿತ ಮಾಡಿಕೊಂಡರು. ಯಾಕೆ ಎಂದಾಗ ಪೂಜೆಯ ವಿಷಯ ಹೇಳಲೇಬೇಕಾಯಿತು. ಕೈ ಮುಚ್ಚಿಕೊಳ್ಳುತ್ತಿದ್ದುದನ್ನೂ, ಉಸಿರು ಎಳೆಯುತ್ತಿದ್ದುದನ್ನೂ ಹೇಳಿದೆ. ಅತ್ತೆ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ನನಗೆ ಅವರ ಮುಖ ನೋಡುವ ಧೈರ್ಯವಿರಲಿಲ್ಲ.

ಡಾಕ್ಟರಮ್ಮ ನಗಲಿಲ್ಲ. ಅದಕ್ಕೆ ಅವರ ಮೇಲೆ ನನಗೆ ಇವತ್ತಿಗೂ ಪ್ರೀತಿ. "ಹಿಂದಿನ ರಾತ್ರಿಯ ಮಾತ್ರೆಯ ಬಲ ಬೆಳಿಗ್ಗೆ ಹೊತ್ತಿಗೆ ಮುಗಿದಿರುತ್ತೆ. ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಉಳಿದಿರೋ ಸ್ವಲ್ಪ ಕ್ಯಾಲ್ಸಿಯಮ್ಮೂ ನರಕ್ಕೆ, ಸ್ನಾಯುಗೆ ಸಿಗದ ಹಾಗೆ ಆಗುತ್ತೆ. ಅದಕ್ಕೇ ನಿಮಗೆ ಪೂಜೆ ಹೊತ್ತಿಗೇ ಬರ್ತಿತ್ತು" ಎಂದರು. ತುಟಿ ಜುಮುಗುಟ್ಟುವುದು ಮೊದಲ ಕರೆ, ಅದನ್ನು ಕೇಳಿಸಿಕೊಳ್ಳಬೇಕಿತ್ತು, ಬಿಟ್ಟರೆ ಫಿಟ್ಸ್ ಬರಬಹುದಿತ್ತು, ಗಂಟಲು ಹಿಡಿದು ಉಸಿರು ಕಟ್ಟಬಹುದಿತ್ತು, ಹೃದಯದ ಬಡಿತವೇ ತಪ್ಪಬಹುದಿತ್ತು ಎಂದೂ ಹೇಳಿದರು. ಅದುವರೆಗೆ ಬಾಗಿಲಲ್ಲಿ ನಿಂತಿದ್ದ ಯಜಮಾನರು ಒಳಗೆ ಬಂದು ನನ್ನ ಕಾಲ ಬಳಿ ಕೂತುಕೊಂಡರು.

ಅತ್ತೆ ಆಗ ಬಾಯಿಬಿಟ್ಟರು. "ಸುಣ್ಣ ಕಮ್ಮಿ ಆಗೈತೆ ಅಂದ್ರೆ ಎಲೆಅಡಿಕೆಗೆ ಒಂದಿಷ್ಟು ಜಾಸ್ತಿ ಸುಣ್ಣ ಹಚ್ಚಿ ಕೊಡ್ಲೇನವ್ವಾ?"

"ಬಾಯಿ ಸುಟ್ಟುಕೊಳ್ತಾರೆ ಅಜ್ಜಿ" ಎಂದು ಆಗ ಮಾತ್ರ ಡಾಕ್ಟರಮ್ಮ ನಕ್ಕರು. ರಾಗಿಮುದ್ದೆ, ಹಾಲು, ಮೊಸರು ಎಲ್ಲ ಒಳ್ಳೆಯದೇ, ಆದರೆ ಆ ನಾಲ್ಕು ಗ್ರಂಥಿ ಸುಧಾರಿಸುವ ತನಕ ಅಷ್ಟೇ ಸಾಲದು, ತಿಂದದ್ದನ್ನು ಮೈಗೆ ಹತ್ತಿಸಲು ವಿಟಮಿನ್ ಡಿ ಮಾತ್ರೆಯೂ ಬೇಕು ಎಂದರು. ಹಾಗೆಂದು ಜುಮುಗುಟ್ಟಿದಾಗಲೆಲ್ಲ ಹೆದರಿ ಹೆದರಿ ಜಾಸ್ತಿ ನುಂಗಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ, ಹೇಳಿದಷ್ಟೇ ತಗೊಂಡು ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು ಎಂದೂ ಎಚ್ಚರಿಸಿದರು. ಆಮೇಲೆ ಎರಡು ಮಾತ್ರೆ ಬಿಡಿಸಿ ನನ್ನ ಅಂಗೈಗೆ ಹಾಕಿ, "ಏನಾದರೂ ತಿಂದು ಇದನ್ನ ಈಗಲೇ ತಗೊಳ್ಳಿ" ಎಂದು ಹೇಳಿ ಹೊರಗೆ ಹೋದರು.

ಯಜಮಾನರು ಕ್ಯಾಂಟೀನಿನಿಂದ ಇಡ್ಲಿ ತಂದರು. ಇಡ್ಲಿ ಮುಂದಿದೆ, ಮಾತ್ರೆ ಕೈಯಲ್ಲಿದೆ. ಹೊತ್ತು ಮಧ್ಯಾಹ್ನದ ಹತ್ತಿರ. ಪೂಜೆಯಾಗಿಲ್ಲ. ನನಗೆ ಬಾಯಿ ತೆರೆಯಲು ಆಗಲಿಲ್ಲ. ಹಠವಲ್ಲ ಅದು. ಇಷ್ಟು ವರ್ಷದ ಅಭ್ಯಾಸ. ಅದೂ ಅವರ ಕಣ್ಣೆದುರಿಗೆ. ದೈವಕೃಪೆ ಅಂದುಕೊಂಡದ್ದು ಸುಣ್ಣದ ಕೊರತೆ ಎಂದಾಯಿತು. ಇನ್ನು ನೇಮವನ್ನೂ ಬಿಟ್ಟೆನೆಂದರೆ ಅವರ ಲೆಕ್ಕದಲ್ಲಿ ನನ್ನದು ಉಳಿಯುವುದಾದರೂ ಏನು?

ಅತ್ತೆ ಸ್ಟೂಲಿನಿಂದ ಎದ್ದರು. ಬೇಸಿನ್ನಿನಲ್ಲಿ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಬಂದರು. ನನ್ನ ಕೊರಳಿನ ಕರಡಿಗೆಯನ್ನು ತೆರೆದು ಲಿಂಗವನ್ನು ತೆಗೆದು ನನ್ನ ಎಡಗೈಯಲ್ಲಿಟ್ಟರು. ಬಾಟಲಿಯ ನೀರನ್ನು ಒಂದು ಉದ್ಧರಣೆಯಷ್ಟು ಅದರ ಮೇಲೆ ಬಿಟ್ಟರು. ಎರಡೂ ಮಾತ್ರೆಗಳನ್ನು ತಗೊಂಡು ಲಿಂಗಕ್ಕೆ ಮುಟ್ಟಿಸಿದರು.

"ಅರ್ಪಣೆ ಆಯ್ತು" ಎಂದರು. "ಮುದ್ದೆ ತಿಂದ್ರೂ ಅವನಿಗೆ ತೋರ್ಸಿ ತಿಂತೀವಿ, ಇದೂ ಹಂಗೇಯ. ಬಾಯಿ ತೆಗಿ."

ಇಡ್ಲಿ ಮುರಿದು ಒಂದೊಂದು ತುತ್ತು ಅವರೇ ತಿನ್ನಿಸಿ, ಮಾತ್ರೆಗಳನ್ನು ನನ್ನ ನಾಲಿಗೆಯ ಮೇಲಿಟ್ಟು ನೀರು ಕುಡಿಸಿದರು. ನರ್ಸಮ್ಮ ಚಹಾ ತಂದುಕೊಟ್ಟರೆ ತಾವು ಮಾತ್ರ ಬೇಡ ಎಂದರು. ಸಂಜೆ ಮನೆಗೆ ಹೋಗಿ ಸ್ನಾನ ಮಾಡಿ ಪೂಜೆ ಮುಗಿಸುವ ತನಕ ಅವರ ಬಾಯಿಗೆ ನೀರು ಬೀಳಲಿಲ್ಲ. ನನ್ನನ್ನು ಆಸ್ಪತ್ರೆಯಲ್ಲೇ ಒಂದೆರಡು ದಿನ ಇರಿಸಿಕೊಂಡರು.

ಮನೆಗೆ ಬಂದ ಮರುದಿನ ಇನ್ನೂ ಬೆಳಕು ಹರಿಯುವ ಮೊದಲೇ ಯಾರೋ ನನ್ನ ಭುಜ ಅಲ್ಲಾಡಿಸಿದರು. ಅತ್ತೆ. ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದಾರೆ.

"ಏಳು, ಪೂಜೆಗೆ ಹೊತ್ತಾತು."

"ಇಷ್ಟು ಬೇಗನಾ ಅತ್ತೆ?"

"ಆ ಡಾಕ್ಟ್ರಮ್ಮನ್ನ ನಾನೇ ಕೇಳ್ಕಂಡು ಬಂದೀನಿ. ಬೇಗ ಪೂಜೆ, ತೀರ್ಥದ ಜೊತಿಗೆ ಥೈರಾಯ್ಡ್ ಮಾತ್ರೆ. ನೀನು ಅಂಗಡಿ ತೆಗೆಯೋ ಹೊತ್ತಿಗೆ ನಾಲ್ಕು ತಾಸು ಆಗಿರ್ತೈತೆ, ಸುಣ್ಣದ ಮಾತ್ರೆ ತಗಾಬೌದು. ಸೋಮವಾರ ಒಪ್ಪತ್ತು ನಿನ್ನ ಪಾಲಿಂದೂ ನಾನೇ ಮಾಡ್ತೀನಿ."

ಬಿಸಿಲು ದೇವರ ಕೋಣೆಗೆ ಬಿದ್ದ ಮೇಲೇ ಪೂಜೆ ಎನ್ನುವುದು ಅವರ ಅತ್ತೆಯ ಕಾಲದಿಂದ ಬಂದ ಕ್ರಮ. ಅದನ್ನು ಮುರಿದು, ಲೈಟು ಹಾಕಿ, ಎರಡು ಮಣೆ ಹಾಕಿಟ್ಟಿದ್ದರು. ವಿಭೂತಿಯ ತಟ್ಟೆಯಲ್ಲಿ ಪತ್ರೆಯ ಪಕ್ಕದಲ್ಲಿ ನನ್ನ ಮಾತ್ರೆಯ ಸ್ಟ್ರಿಪ್ ಇತ್ತು. ಉಸಿರಿನ ಪಾಠ ಅಂದಿಗೆ ರದ್ದಾಯಿತು. "ಸುಮ್ಕೆ ನಿನ್ನ ಪಾಡಿಗೆ ನೀನು ಉಸಿರಾಡು, ತಿದಿ ಒತ್ತಬ್ಯಾಡ" ಎಂದರು.

ಆ ಗ್ರಂಥಿಗಳು ಇನ್ನೂ ಪೂರ್ತಿ ಮುನಿಸು ಬಿಟ್ಟಿಲ್ಲ. ಮಾತ್ರೆ ಕಡಿಮೆಯಾಗಿದೆ, ನಿಂತಿಲ್ಲ. ಪರ್ಸಿನಲ್ಲಿ, ಅಂಗಡಿಯ ಗಲ್ಲಾದಲ್ಲಿ, ಕಾರಿನಲ್ಲಿ ಎಲ್ಲ ಕಡೆ ಒಂದೊಂದು ಸ್ಟ್ರಿಪ್ ಇದೆ. ಹಿರಿಯೂರಿನ ನಾದಿನಿ ಮನೆಗೆ ಹೋಗುವಾಗ ಬಟ್ಟೆ ಮರೆತರೂ ಅದನ್ನು ಮರೆಯುವುದಿಲ್ಲ. ತುಟಿ ಜುಮ್ಮೆಂದರೆ ಈಗ ನನಗೆ ಗೊತ್ತು, ಕೂತು ನಿಧಾನವಾಗಿ ಉಸಿರಾಡಿ, ಡಾಕ್ಟರಮ್ಮ ಅಂಥ ಹೊತ್ತಿಗೆಂದು ಹೇಳಿಕೊಟ್ಟಷ್ಟು ಮಾತ್ರೆ ತಗೊಂಡು, ಆಗಲೂ ಹೋಗದಿದ್ದರೆ ಫೋನ್ ಮಾಡುತ್ತೇನೆ. ಕತ್ತರಿ ಈಗ ನನ್ನ ಮಾತು ಕೇಳುತ್ತದೆ. ಬ್ಲೌಸ್ ಪೀಸು ಕತ್ತರಿಸಿಕೊಡಿ ಎಂದು ಈಗಲೂ ಒಬ್ಬಿಬ್ಬರು ಬರುತ್ತಾರೆ. ಅದು ಕ್ಯಾಲ್ಸಿಯಂ ತೊಂದರೆ ಆಗಿತ್ತು ಎಂದು ಹೇಳಿದರೆ, "ಇರ್ಲಿ ಬಿಡ್ರಿ, ಕತ್ರಿಸಿ ಕೊಡ್ರಿ" ಎನ್ನುತ್ತಾರೆ. ಕೊಡುತ್ತೇನೆ.

ಅತ್ತೆಯನ್ನು ಕೇಳಬೇಕು ಎಂದುಕೊಂಡ ಮಾತು ಮಾತ್ರ ಬಹಳ ದಿನ ಬಾಯಿಗೆ ಬರಲಿಲ್ಲ. ಈ ಸಲದ ಶ್ರಾವಣದಲ್ಲಿ ಒಂದು ಬೆಳಿಗ್ಗೆ, ಅವರು ಲಿಂಗ ಒರೆಸಿಕೊಳ್ಳುತ್ತಿದ್ದಾಗ ಕೇಳಿಬಿಟ್ಟೆ.

"ಅತ್ತೆ, ಅದು ಶಿವ ಅಲ್ಲ, ಬರೀ ಕಾಯಿಲೆ ಅಂತ ಗೊತ್ತಾದಾಗ ನಿಮಗೆ ಬೇಜಾರಾಗಲಿಲ್ವಾ?"

ಅವರು ಕೈ ನಿಲ್ಲಿಸಿ ನನ್ನನ್ನು ನೋಡಿದರು. "ಬೇಜಾರಾಗದೇ ಏನು? ನೀನು ಅಷ್ಟು ನೋವು ತಿಂತಿದ್ರೆ ನಾನು ಕೈಮುಗಿದು ಕುಂತಿದ್ನಲ್ಲ, ಅದು ಬೇಜಾರು." ಮತ್ತೆ ಲಿಂಗ ಒರೆಸತೊಡಗಿ ಹೇಳಿದರು. "ಅಷ್ಟು ನೋಯ್ತಿದ್ರೂ ಲಿಂಗ ಬೀಳ್ಸಲಿಲ್ಲ ನೀನು. ಬಲಗೈ ಕೊಟ್ಟು ಹಿಡ್ಕಂಡು ಕುಂತಿದ್ದೆ. ಆ ಬಲಗೈಗೆ ಯಾವ ಕಾಯಿಲೆ ಇತ್ತು? ನಾನು ಅದನ್ನೂ ನೋಡೀನಿ."

ಮತ್ತೆ ಕಣ್ಣು ಮುಚ್ಚಿ ಕೂತೆ. ಅವತ್ತು ನಿಜಕ್ಕೂ ಏಳಲು ಮನಸ್ಸಿರಲಿಲ್ಲ, ಹೊರಗೆ ಬೆಳಕು ಬಂದದ್ದೂ ಗೊತ್ತಾಗಲಿಲ್ಲ. ಯಾರೋ ಮೊಣಕೈಯಿಂದ ತಿವಿದರು.

"ಸಾಕು ಏಳು. ಮಾತ್ರೆ ಹೊತ್ತು ಮೀರ್ತೈತೆ. ನಿನ್ನ ಶಟರ್ ಪೂಜೆನೇ ಚಲೋ ಇತ್ತು."

ನಗು ತಡೆಯಲಾಗದೆ ಕಣ್ಣು ತೆರೆದೆ. ಒಂದು ಕೈಯಲ್ಲಿ ತೀರ್ಥದ ಉದ್ಧರಣೆ, ಇನ್ನೊಂದರಲ್ಲಿ ಲಿಂಗಕ್ಕೆ ಮುಟ್ಟಿಸಿದ ಮಾತ್ರೆ ಹಿಡಿದುಕೊಂಡು ಕಾಯುತ್ತಿದ್ದರು. ನಮ್ಮ ಮನೆಯಲ್ಲಿ ತೀರ್ಥ ಮೊದಲು ಹಿರಿಯರಿಗೆ. ಈಗ ಎರಡು ಶ್ರಾವಣದಿಂದ ನಾನು ನುಂಗುವ ತನಕ ಅವರು ಕುಡಿಯುವುದಿಲ್ಲ.

"ಮೊದಲು ಕೈ ಬಿಚ್ಚು, ನೋಡಾಣ" ಎಂದರು, ದಿನಾ ಹೇಳುವ ಹಾಗೆ.

ಬೆರಳನ್ನೆಲ್ಲ ಅಗಲಿಸಿ ತೋರಿಸಿದೆ.